ಲ್ಯಾಪ್‌ಟಾಪಿನ ತಳದ ಚೀಟಿ

ಜೂನ್ 3, ಮಂಗಳವಾರ

ಇವತ್ತಿನಿಂದ ಬರೆಯುತ್ತೇನೆ. ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಕನ್ನಡಕದ ಅಂಗಡಿಗೆ ಬರುವವರು ತಮ್ಮ ಕಣ್ಣಿನ ಕಷ್ಟ ಹೇಳಿಕೊಳ್ಳಲು ಬರುತ್ತಾರೆ, ನನ್ನ ಕಷ್ಟ ಕೇಳಲು ಅಲ್ಲ. ಇವರ ಹತ್ತಿರ ಹೇಳಿದರೆ "ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಲಿಫ್ಟ್ ರಿಪೇರಿ ಮಾಡಿ ಮಾಡಿ ಆ ಮಾತು ಬಾಯಿಪಾಠವಾಗಿಬಿಟ್ಟಿದೆ. ನಡುವೆ ಸಿಕ್ಕಿಹಾಕಿಕೊಂಡವರಿಗೆ ಹೊರಗಿನಿಂದ ಕೂಗಿ ಧೈರ್ಯ ಹೇಳುವುದು ಇವರ ಕೆಲಸ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಮನೆಯಲ್ಲಿ ನಾವಿಬ್ಬರು ಹೆಂಗಸರು ಎರಡು ಮಹಡಿಗಳ ನಡುವೆ ನಿಂತೇ ಇದ್ದೇವೆ. ಅದು ಮಾತ್ರ ಇವರಿಗೆ ಕಾಣುವುದಿಲ್ಲ.

ಹುಡುಗಿಗೆ ಹದಿನೇಳು. ಇವರ ಮೊದಲ ಹೆಂಡತಿಯ ಮಗಳು. ಆಕೆ ತೀರಿಕೊಂಡು ಮೂರು ವರ್ಷವಾಯಿತು. ಹುಡುಗಿ ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಿದ್ದರೆ ನಾನಿರುವ ಕಡೆ ಬಂದು ನಿಲ್ಲುತ್ತಾಳೆ, ನಾನಾಗಿ ತಿರುಗಿ ನೋಡುವ ತನಕ. ಒಳ್ಳೇ ಗುಮ್ಮನಗುಸುಕಿ. ಜಗಳವನ್ನಾದರೂ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳದಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಈಗ ಒಂದು ದಾರಿ ಕಾಣಿಸಿದೆ. ಅವಳ ದೊಡ್ಡಮ್ಮ, ಅಂದರೆ ಆ ಅಮ್ಮನ ಅಕ್ಕ, ತಮ್ಮೂರಿನ ಕಾಲೇಜಿಗೆ ಸೇರಿಸುತ್ತೇನೆ, ನಮ್ಮ ಮನೆಯಲ್ಲೇ ಇರಲಿ ಎಂದಿದ್ದಾರೆ. ಇವರಿಗೆ ಮನಸ್ಸಿಲ್ಲ. ಹುಡುಗಿಗೆ ಇದೆ. ಅಡ್ಡ ಬಂದಿರುವುದು ಅವಳ ಅಮ್ಮನ ಹಳೇ ಲ್ಯಾಪ್‌ಟಾಪ್. ಹೋದ ವಾರ ಅದು ಕೆಟ್ಟು ಕೂತಿತು. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು, "ಅದನ್ನ ಈ ಮನೇಲಿ ಬಿಟ್ಟು ಹೋಗಲ್ಲ. ಕೆಟ್ಟಿದ್ದನ್ನ ಹೊತ್ಕೊಂಡೂ ಹೋಗಲ್ಲ. ಅದು ಸರಿಯಾದ ದಿನ ಹೋಗ್ತೀನಿ." ಅಷ್ಟುದ್ದದ ಮಾತು ಅವಳ ಬಾಯಿಂದ ಕೇಳಿ ನನ್ನ ಕೈಯ ತುತ್ತು ಅಲ್ಲೇ ನಿಂತಿತು.

ರಿಪೇರಿ ನಾನು ಮಾಡಿಸಿಕೊಂಡು ಬರುತ್ತೇನೆ ಎಂದುಬಿಟ್ಟೆ. ನನ್ನ ಅಂಗಡಿಗೆ ಅಂಟಿಕೊಂಡೇ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅದರ ಯಜಮಾನರನ್ನು ಬೀದಿಯಲ್ಲೆಲ್ಲ ಸ್ಕ್ರೂ ಅಣ್ಣ ಅನ್ನುತ್ತಾರೆ, ಕಿವಿಯ ಮೇಲೆ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್ ಇರುತ್ತದೆ. ಹುಡುಗಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಮತ್ತೆ ತೆಗೆದು ನೋಡಿ, ಮತ್ತೆ ಎಳೆದು ನನ್ನ ಕೈಗೆ ಕೊಟ್ಟಳು. ಬೇಗ ಸರಿಯಾಗಲಿ. ಅವಳಿಗೂ ಒಳ್ಳೆಯದು, ನನಗೂ.

ಜೂನ್ 5, ಗುರುವಾರ

ಎಂಥ ಎಡವಟ್ಟು ಮಾಡಿಕೊಂಡೆ.

ಮಧ್ಯಾಹ್ನ ಸ್ಕ್ರೂ ಅಣ್ಣ ಕರೆದರು. ಒಳಗಿನ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಕೆಟ್ಟಿತ್ತಂತೆ. ಫೋಟೊಗಳು, ಬರೆದಿಟ್ಟದ್ದು ಎಲ್ಲ ಉಳಿದಿವೆ, ಸಿಸ್ಟಮ್ ಒಂದನ್ನು ಅಳಿಸಿ ಹೊಸದಾಗಿ ಹಾಕಿದ್ದಾರೆ. ಮೊದಲು ಯಾವುದಿತ್ತೋ ಅದೇ ಬೇಕು, ಬೇರೆ ಬೇಡ ಎಂದು ಹುಡುಗಿ ಹೇಳಿ ಕಳಿಸಿದ್ದಳು, ಅದನ್ನೇ ಹಾಕಿದ್ದಾರೆ. ಆದರೆ ಇದು ಕಳ್ಳದ್ದಲ್ಲ, ನಮ್ಮದೇ ಎಂದು ತೋರಿಸಲು ಲೈಸೆನ್ಸ್ ಕೀ ಕೊಡಬೇಕು. ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಬರುವಾಗಲೇ ಆ ಕೀಯನ್ನು ತಳದಲ್ಲಿ ಒಂದು ಚೀಟಿಯ ಮೇಲೆ ಅಚ್ಚು ಹಾಕಿ ಅಂಟಿಸಿರುತ್ತಾರೆ, ಐದೈದು ಅಕ್ಷರಗಳ ಐದು ಗುಂಪು. ಹೊಸ ಕೀ ಕೊಳ್ಳೋಣ ಅಂದರೆ ಇಷ್ಟು ಹಳೇ ಸಿಸ್ಟಮ್ಮಿಗೆ ಈಗ ಯಾರೂ ಮಾರುವುದಿಲ್ಲ. ಕೀ ಕೊಡುವ ತನಕ ಗಂಟೆಗೊಮ್ಮೆ ಪರದೆಯ ಚಿತ್ರ ಮಾಯವಾಗಿ ಬರೀ ಕಪ್ಪಾಗುತ್ತದಂತೆ. "ಚೀಟಿ ಸ್ವಲ್ಪ ಸವೆದಿದೆ. ನೀವು ಕಣ್ಣಿನವರು, ನಿಮಗೇನು ಕಷ್ಟ" ಎಂದು ನಗುತ್ತಾ ನನ್ನ ಕೈಗಿಟ್ಟರು.

ತಂದು ನನ್ನ ಮೇಜಿನ ಮೇಲೆ ಬೋರಲು ಹಾಕಿದೆ. ತಳವೆಲ್ಲ ಜಿಡ್ಡು. ತೊಡೆಯ ಮೇಲೆ ಇಟ್ಟುಕೊಂಡು ಬಳಸಿ ಬಳಸಿ ಚೀಟಿಯ ಮೇಲೂ ಮಬ್ಬು ಹತ್ತಿತ್ತು. ನನ್ನ ಕೈ ಎಂಥದ್ದೆಂದರೆ, ಮಬ್ಬಾದದ್ದು ಏನು ಕಂಡರೂ ಒರೆಸದೆ ಬಿಡುವುದಿಲ್ಲ. ಗಿರಾಕಿ ಮಾತಾಡುತ್ತಿರುವಾಗಲೇ ಅವರ ಮೂಗಿನ ಮೇಲಿನ ಕನ್ನಡಕ ಕಿತ್ತುಕೊಂಡು ಒರೆಸಿ ವಾಪಸ್ ಇಟ್ಟದ್ದೂ ಉಂಟು. ಗಾಜು ತೊಳೆಯುವ ದ್ರಾವಣ ಚಿಮುಕಿಸಿದೆ, ಮೆತ್ತನೆ ಬಟ್ಟೆ ತೆಗೆದುಕೊಂಡೆ, ಚೆನ್ನಾಗಿ ಉಜ್ಜಿದೆ. ಓದಲು ಅನುಕೂಲವಾಗಲಿ ಅಂತ! ಬಟ್ಟೆ ತಿರುಗಿಸಿ ನೋಡಿದರೆ ಅದರ ಮೇಲೆ ಬೂದು ಬಣ್ಣ. ಚೀಟಿಯ ಮೇಲೆ ಮೊದಲ ಎರಡು ಗುಂಪು ಮಾತ್ರ ಉಳಿದಿತ್ತು. ಉಳಿದ ಕಡೆ ಬರೀ ಬಿಳುಪು.

ಗಿರಾಕಿಯೊಬ್ಬರು ಬಂದು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ. ಸಂಜೆ ಬೇಗನೆ ಬಾಗಿಲು ಹಾಕಿ ಬಂದೆ.

ಜೂನ್ 6, ಶುಕ್ರವಾರ

ಬೆಳಿಗ್ಗೆ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಾನೇ ಉಜ್ಜಿದೆ, ನನ್ನ ಕೈಯಿಂದಲೇ ಹೋಯಿತು ಎಂದೆ. ಹುಡುಗಿ ಲ್ಯಾಪ್‌ಟಾಪನ್ನು ತಿರುವಿ ನೋಡಿದಳು. ಚೀಟಿಯ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ, ಅಳಲಿಲ್ಲ, ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಧಡಾರ್ ಅಂತಲೂ ಹಾಕಲಿಲ್ಲ, ಮೆಲ್ಲಗೆ ಮುಚ್ಚಿದಳು. ಅದೇ ಜಾಸ್ತಿ ಚುಚ್ಚಿತು.

ಇವರು ಬಾಗಿಲ ಆಚೆ ನಿಂತು ಅವಳಿಗೆ ಒಂದಿಷ್ಟು ಸಮಾಧಾನ ಹೇಳಿದರು, ಅಡುಗೆಮನೆಗೆ ಬಂದು ನನಗೆ ಒಂದಿಷ್ಟು ಹೇಳಿದರು. ಎರಡೂ ಕಡೆ ಅದದೇ ಮಾತು. ಆಮೇಲೆ ಯಾವುದೋ ಕಟ್ಟಡದಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಫೋನ್ ಬಂತು, ಬದುಕಿದೆಯಾ ಬಡಜೀವವೇ ಎಂಬಂತೆ ಓಡಿದರು.

ಜೂನ್ 8, ಭಾನುವಾರ

ದೊಡ್ಡಮ್ಮನ ಫೋನು. ಭಾನುವಾರ ತಪ್ಪುವುದೇ ಇಲ್ಲ. ನಾನು ಬಟ್ಟೆ ಮಡಚುತ್ತಿದ್ದೆ, ಬೇಕೆಂದು ಕೇಳಿಸಿಕೊಂಡದ್ದಲ್ಲ. ಹುಡುಗಿ, "ಅವರು ಒರೆಸಿಬಿಟ್ರು" ಅಂದಳು. ಅಷ್ಟೇ ಅಂದಳು. ಆ ಕಡೆಯಿಂದ ದೊಡ್ಡಮ್ಮ ತುಂಬ ಹೊತ್ತು ಮಾತಾಡಿದರು. ಹುಡುಗಿ ಹೂಂಗುಟ್ಟಿದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಕೂತಿದ್ದೆ ನಾನು.

ಜೂನ್ 10, ಮಂಗಳವಾರ

ಮಾತಿಲ್ಲ. ತಟ್ಟೆ ಮಾತ್ರ ತೊಳೆದಿಟ್ಟಿರುತ್ತಾಳೆ.

ಜೂನ್ 12, ಗುರುವಾರ

ಇವತ್ತು ಅಂಗಡಿಗೆ ರಜೆ ಹಾಕಿ ಮನೆಯಲ್ಲಿದ್ದೆ, ಶೀತ. ಅವಳ ಕೋಣೆಯ ಬಾಗಿಲು ಅರೆ ತೆರೆದಿತ್ತು. ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಒಂದು ಚಿತ್ರ. ನೋಡುತ್ತಿದ್ದಂತೆ ಚಿತ್ರ ಹೋಗಿ ಕಪ್ಪಾಯಿತು. ಅವಳು ಏನೇನೋ ಒತ್ತಿ ಮತ್ತೆ ಅದೇ ಚಿತ್ರ ಹಾಕಿದಳು. ನಾನು ಬಿಸಿನೀರು ಕಾಯಿಸಿಕೊಂಡು ಕುಡಿದು, ಸ್ವಲ್ಪ ಮಲಗಿ ಎದ್ದು ಬಂದೆ. ಮತ್ತೆ ಕಪ್ಪಾಯಿತು. ಮತ್ತೆ ಹಾಕಿದಳು. ದಿನವೂ ಹೀಗೇ ಮಾಡುತ್ತಾಳೇನೋ, ನಾನು ಅಂಗಡಿಯಲ್ಲಿದ್ದೆ, ನನಗೇನು ಗೊತ್ತು.

ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು, ಲ್ಯಾಪ್‌ಟಾಪನ್ನು ಒಂದು ಸಲ ಅಂಗಡಿಗೆ ತಾ, ನನ್ನ ಹತ್ತಿರ ಒಳ್ಳೆಯ ಭೂತಗನ್ನಡಿ ಇದೆ, ದೀಪ ಇದೆ, ಚೀಟಿಗೆ ಕೈ ತಾಗಿಸುವುದಿಲ್ಲ ಎಂದೆ. ಶಾಯಿ ಹೋದರೂ ಅಚ್ಚಿನ ಒತ್ತು ಕಾಗದದಲ್ಲಿ ಉಳಿದಿರುತ್ತದೆ, ಅಡ್ಡ ಬೆಳಕಿನಲ್ಲಿ ಕಾಣಬಹುದು ಎಂದೆ. ಅವಳು ಪರದೆ ನೋಡುತ್ತಲೇ, "ನಾನೂ ಬರ್ತೀನಿ" ಅಂದಳು. ನನ್ನ ಮೇಲೆ ನಂಬಿಕೆ ಇಲ್ಲ, ಕಾವಲಿಗೆ ಬರುತ್ತಾಳೆ. ಬರಲಿ.

ಜೂನ್ 14, ಶನಿವಾರ

ಬಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಪರದೆ ಎಳೆದು, ಕೈದೀಪವನ್ನು ಮೇಜಿಗೆ ಸಮವಾಗಿ ಹಿಡಿದೆ. ಬಿಳುಪಿನ ಮೇಲೆ ಸಣ್ಣ ಸಣ್ಣ ನೆರಳು ಎದ್ದವು. ನನ್ನ ಊಹೆ ಸುಳ್ಳಾಗಲಿಲ್ಲ. ಆದರೆ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಬಗ್ಗಿದರೆ ನನಗೆ ಬರೀ ಇರುವೆ ಸಾಲು. ಗಾಜು ಹತ್ತಿರ ಮಾಡಿದೆ, ದೂರ ಮಾಡಿದೆ, ದೀಪವನ್ನು ಬೈದೆ.

ಹುಡುಗಿ ಸುಮ್ಮನೆ ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡು ಬಗ್ಗಿದಳು. ಒಂದೊಂದೇ ಹೇಳತೊಡಗಿದಳು. ನಾನು ದೀಪ ಹಿಡಿದೆ, ಹೇಳಿದ್ದನ್ನು ಬರೆದುಕೊಂಡೆ. ಮೂರನೇ ಗುಂಪು ಮುಗಿಯಿತು. ದೀಪ ಹಿಡಿದ ಕೈ ಜೋಮು ಹಿಡಿದಿತ್ತು, ಆದರೂ ಅಲುಗಿಸಲಿಲ್ಲ.

ಮನೆಗೆ ನಡೆದು ಬರುವಾಗ ಅವಳು ಒಂದು ಹೆಜ್ಜೆ ಮುಂದೆ, ನಾನು ಹಿಂದೆ. ಚೀಲ ಅವಳ ಎದೆಗೆ ಒತ್ತಿಕೊಂಡಿತ್ತು.

ಜೂನ್ 17, ಮಂಗಳವಾರ

ಮತ್ತೆ ಬಂದಳು, ನಾನು ಕರೆಯದೆಯೇ. ನಾಲ್ಕನೇ ಗುಂಪು ಸಿಕ್ಕಿತು. ಕೊನೆಯದು ಹಠ ಹಿಡಿದಿದೆ, ಅಲ್ಲೇ ನಾನು ಜಾಸ್ತಿ ಉಜ್ಜಿದ್ದು. ಇಂಗ್ಲಿಷಿನ ಬಿ ಇರಬಹುದು, ಎಂಟು ಇರಬಹುದು. ಜಿ ಇರಬಹುದು, ಆರು ಇರಬಹುದು. ಕಣ್ಣಿನ ಪರೀಕ್ಷೆಗೆ ಕೂತ ಗಿರಾಕಿಗಳು ಯಾವ ಅಕ್ಷರವನ್ನು ಯಾವುದೆಂದು ಓದುತ್ತಾರೆ ಎಂದು ಅವಳಿಗೆ ಹೇಳಿದೆ. ಒಬ್ಬ ಅಜ್ಜ ಪ್ರತಿ ಸಲವೂ ಕಾಣದ ಸಾಲಿಗೆ ತಮ್ಮ ಮೊಮ್ಮಗಳ ಹೆಸರಿನ ಅಕ್ಷರಗಳನ್ನೇ ಓದುತ್ತಾರೆ, ಹೆಮ್ಮೆಯಿಂದ. ಅದಕ್ಕೆ ಹುಡುಗಿ ನಕ್ಕಳು. ಮೂಗಿನಿಂದ ಸಣ್ಣಗೆ ಗಾಳಿ ಬಿಟ್ಟ ಹಾಗೆ, ಅಷ್ಟೇ. ನಕ್ಕಳು ಅಂತಲೇ ಲೆಕ್ಕ.

ಊಹಿಸಿ ಹೊಡೆದು ನೋಡಿದೆವು. ಕೀ ತಪ್ಪು ಎಂದಿತು. ಇನ್ನೊಂದು ಹೊಡೆದೆವು. ತಪ್ಪು. ಸ್ಕ್ರೂ ಅಣ್ಣ ಗೋಡೆಯಾಚೆಯಿಂದ ಬಂದು ನೋಡಿ, ಸುಮ್ಮನೆ ಊಹಿಸುತ್ತಾ ಹೋದರೆ ಈ ಜನ್ಮಕ್ಕೆ ಮುಗಿಯುವುದಿಲ್ಲ, ಕಣ್ಣಾರೆ ಓದಿ ಎಂದರು.

ಜೂನ್ 19, ಗುರುವಾರ

ನನ್ನ ಮಾನ ಹೋಯಿತು, ಬರೆದಿಡುತ್ತೇನೆ.

ಹುಡುಗಿ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನೀವು ಪೇಪರನ್ನು ಕೈ ಚಾಚಿ ಹಿಡಿದು ಓದುತ್ತೀರಿ, ಸೂಜಿಗೆ ದಾರ ಪೋಣಿಸಲು ಅಪ್ಪನನ್ನು ಕರೆಯುತ್ತೀರಿ, ನಿಮಗೆ ಕನ್ನಡಕ ಬೇಕು ಎಂದಳು. ಊರಿಗೆಲ್ಲ ಕನ್ನಡಕ ಹಾಕುವವಳಿಗೆ ಹೇಳುವ ಮಾತೇ ಇದು? ನನ್ನ ಕಣ್ಣಿಗೇನೂ ಆಗಿಲ್ಲ ಎಂದೆ. ಹಾಗಾದರೆ ಕೂತುಕೊಳ್ಳಿ, ಪರೀಕ್ಷೆ ಮಾಡುತ್ತೇನೆ ಎಂದಳು. ಇಷ್ಟು ದಿನ ನಾನು ಮಾಡುವುದನ್ನು ಮೂಲೆಯಲ್ಲಿ ಕೂತು ನೋಡಿದ್ದಾಳಲ್ಲ, ಗಿರಾಕಿಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕೈಗೆ ಸಣ್ಣಕ್ಷರದ ಓದುವ ಫಲಕ ಕೊಟ್ಟಳು. ನಾನು ಕೊನೆಯ ಸಾಲಿನ ತನಕ ಪಟಪಟನೆ ಓದಿದೆ. ಓದದೆ ಏನು, ಆ ಫಲಕ ನನಗೆ ಕಂಠಪಾಠ. ಅವಳು ಎರಡು ಕ್ಷಣ ನನ್ನ ಮುಖ ನೋಡಿದಳು. ಫಲಕ ಕಿತ್ತುಕೊಂಡು, ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣ ತಿರುವಿ, ಹಿಂದಿನ ಸಣ್ಣ ಅಕ್ಷರ ತೋರಿಸಿ, "ಇದನ್ನ ಓದಿ" ಅಂದಳು.

ಪೆಚ್ಚಾದೆ. ಒಂದು ಪದವೂ ಬರಲಿಲ್ಲ.

ಅವಳೇ ಪೆಟ್ಟಿಗೆಯಿಂದ ಗಾಜು ತೆಗೆದು ಒಂದೊಂದಾಗಿ ಹಾಕಿ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ನಾನು ಗಿರಾಕಿಗಳಿಗೆ ಕೇಳುವ ಧಾಟಿಯಲ್ಲೇ ಕೇಳಿದಳು. ಅಣಕಿಸುತ್ತಿದ್ದಳು, ಗೊತ್ತಾಗಲಿಲ್ಲ ಅನ್ನುವ ಹಾಗೆ ಕೂತಿದ್ದೆ. ಕೊನೆಗೆ ಸಕ್ಕರೆ, ಹಿಟ್ಟು, ಉಪ್ಪು ಎಲ್ಲ ಸ್ಪಷ್ಟವಾಗಿ ಓದಿದೆ. ಫ್ರೇಮು ಅವಳೇ ಆರಿಸಿದಳು. ನಾನು ಆರಿಸಿದ್ದನ್ನು ಟೀಚರಮ್ಮನ ಹಾಗೆ ಕಾಣುತ್ತೀರಿ ಎಂದು ಬೇಡವೆಂದಳು.

ರಾತ್ರಿ ಊಟದ ಹೊತ್ತಿಗೆ ಹಾಕಿಕೊಂಡು ಕೂತರೆ ಇವರು ನನ್ನನ್ನೂ ಅವಳನ್ನೂ ನೋಡುತ್ತಾ ಊಟ ಮಾಡಿದರು. ಒಂದು ತುತ್ತು ಹೆಚ್ಚೇ ಉಂಡರು.

ಜೂನ್ 21, ಶನಿವಾರ

ಇವತ್ತು ಹುಡುಗಿ ಅಂಗಡಿಗೆ ಲ್ಯಾಪ್‌ಟಾಪ್ ಜೊತೆ ಇನ್ನೊಂದು ಸಣ್ಣ ಪೆಟ್ಟಿಗೆ ತಂದಳು. ತುಂಬ ಹೊತ್ತು ತೆರೆಯಲಿಲ್ಲ. ಗಿರಾಕಿಗಳು ಹೋದ ಮೇಲೆ ಪೆಟ್ಟಿಗೆಯನ್ನು ನನ್ನ ಮುಂದಿಟ್ಟಳು. ಒಳಗೆ ಅವಳ ಅಮ್ಮನ ಕನ್ನಡಕ. ಬಲಗಡೆಯ ಸ್ಕ್ರೂ ಸಡಿಲವಾಗಿ, ಕಿವಿಗೆ ಸಿಕ್ಕಿಸುವ ಕಡ್ಡಿ ನೇತಾಡುತ್ತಿತ್ತು.

"ಸ್ಕ್ರೂ ಮಾತ್ರ. ಗಾಜು ಒರೆಸಬೇಡಿ" ಅಂದಳು.

ಎಡಗಾಜಿನ ಮೇಲೆ, ಅಂಚಿನಲ್ಲಿ, ಒಂದು ಹೆಬ್ಬೆರಳಿನ ಗುರುತಿತ್ತು. ಪೂರ್ತಿ ಇತ್ತು, ಗೆರೆಗೆರೆ ಕಾಣುತ್ತಿತ್ತು. ನನ್ನ ಕೈ ಬಟ್ಟೆಯ ಕಡೆ ಹೋಗಲಿಲ್ಲ. ಅಂಚನ್ನು ಉಗುರಿನಿಂದ ಹಿಡಿದು, ಹೊಸ ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸಿದೆ. ಇಷ್ಟು ವರ್ಷದಲ್ಲಿ ಒಂದು ಸ್ಕ್ರೂಗೆ ಇಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ಆಮೇಲೆ ಅವಳಾಗಿಯೇ ಲ್ಯಾಪ್‌ಟಾಪ್ ತೆರೆದು ಆ ಪರದೆಯ ಚಿತ್ರ ತೋರಿಸಿದಳು. ಐದು ವರ್ಷದವಳಿದ್ದಾಗ ತಾನೇ ತೆಗೆದದ್ದಂತೆ. ಕುರ್ಚಿಯ ಮೇಲೆ ಅಮ್ಮ, ಕೆಳಗಿನಿಂದ ತೆಗೆದದ್ದರಿಂದ ಗಲ್ಲವೇ ದೊಡ್ಡದು, ಮುಖ ಅಲ್ಲಾಡಿ ಮಬ್ಬಾಗಿದೆ. ಒಳ್ಳೆಯ ಫೋಟೊಗಳು ಬೇಕಾದಷ್ಟಿವೆ, ಆದರೆ ಅಮ್ಮ ಇದನ್ನೇ ಪರದೆಗೆ ಹಾಕಿಕೊಂಡದ್ದು, ಬೇರೆ ಯಾವತ್ತೂ ಹಾಕಲಿಲ್ಲ. ಕೆಲಸ ಮಾಡುತ್ತಾ ಮಧ್ಯೆ ಎಲ್ಲ ಮುಚ್ಚಿ ಇದನ್ನು ನೋಡಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದರಂತೆ. ನನಗೆ ಆಗ ಅರ್ಥವಾಯಿತು, ಗಂಟೆಗೊಮ್ಮೆ ಯಾಕೆ ಹಾಕುತ್ತಾಳೆ ಅಂತ.

ಚಿತ್ರದಲ್ಲಿ ಅವರ ಕನ್ನಡಕ ಮೂಗಿನ ಮೇಲೆ ಜಾರಿದೆ, ಮೂಗಿನ ಮೆತ್ತೆ ಅಗಲವಾಗಿದೆ, ನನ್ನ ಹತ್ತಿರ ಬಂದಿದ್ದರೆ ಸರಿಮಾಡಿ ಕೊಡುತ್ತಿದ್ದೆ ಎಂದೆ. ಹುಡುಗಿ ಹೌದು ಎಂದಳು, ಯಾವಾಗಲೂ ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದರು ಎಂದು ಮಾಡಿ ತೋರಿಸಿದಳು. ಪಾಪ, ಎಷ್ಟು ಕಿರಿಕಿರಿಯಾಗಿರಬೇಕು ಅವರಿಗೆ. ಆಕೆಯ ಬಗ್ಗೆ ನಾನು ಹೀಗೆ ಯೋಚಿಸಿದ್ದೇ ಇಲ್ಲ.

ಜೂನ್ 24, ಮಂಗಳವಾರ

ಸಿಕ್ಕಿತು. ಕೊನೆಯ ಗುಂಪು ಪೂರ್ತಿ ಸಿಕ್ಕಿತು. ನಾನು ಎಂಟು ಅಂದೆ, ಅವಳು ಬಿ ಅಂದಳು, ದೀಪವನ್ನು ಇನ್ನಷ್ಟು ಓರೆ ಮಾಡಿ ಇಬ್ಬರೂ ತಲೆ ತಾಗಿಸಿಕೊಂಡು ನೋಡಿದೆವು. ಅವಳು ಹೇಳಿದ್ದೇ ಸರಿ. ಒತ್ತಿದಳು. ಕೀ ಒಪ್ಪಿತು.

ಆದರೆ ಮುಗಿಯಲಿಲ್ಲ. ಇಷ್ಟು ಹಳೆಯದನ್ನು ಇಂಟರ್‌ನೆಟ್ ಮೂಲಕ ಚಾಲೂ ಮಾಡುವುದಿಲ್ಲ, ಈ ನಂಬರಿಗೆ ಫೋನ್ ಮಾಡಿ ಎಂದು ಬರೆದು ಬಂತು. ಫೋನಿನಲ್ಲಿ ಪರದೆಯ ಮೇಲಿನ ಅಂಕಿಗಳನ್ನು ಹೇಳಬೇಕು, ಅವರು ಬೇರೆ ಅಂಕಿಗಳನ್ನು ಹೇಳುತ್ತಾರೆ, ಅವನ್ನು ಒತ್ತಿದರೆ ಆಯಿತು ಎಂದು ಸ್ಕ್ರೂ ಅಣ್ಣ ವಿವರಿಸಿದರು. ಅಷ್ಟು ಹೊತ್ತಿಗೆ ಗಿರಾಕಿಗಳು ಬಂದರು. ಇನ್ನೊಂದು ದಿನ ಮಾಡಿದರಾಯಿತು ಎಂದೆ.

ಜೂನ್ 26, ಗುರುವಾರ

ಇವರು ದೊಡ್ಡಮ್ಮನ ಊರಿಗೆ ಬಸ್ಸಿನ ಟಿಕೆಟ್ ತರುತ್ತೇನೆ ಎಂದರು. ಯಾಕೆ ಅಷ್ಟು ಅವಸರ, ಬಸ್ಸೇನು ಓಡಿ ಹೋಗುತ್ತದೆಯೇ ಎಂದು ಗದರಿದೆ. ಕಾಲೇಜು ಇಲ್ಲೂ ಇದೆ. ಇಲ್ಲಿಯದೇನು ಕಡಿಮೆಯೇ? ಯಾರಾದರೂ ವಿಚಾರಿಸಿ ನೋಡಿದ್ದಾರೆಯೇ? ಈ ಮನೆಯಲ್ಲಿ ಯಾರೂ ಯಾವುದನ್ನೂ ವಿಚಾರಿಸುವುದಿಲ್ಲ.

ಫೋನ್ ಮಾಡಿದಿರಾ ಎಂದು ಸ್ಕ್ರೂ ಅಣ್ಣ ಕೇಳಿದರು. ಲೈನ್ ಸಿಗಲಿಲ್ಲ ಎಂದೆ. ಮಾಡಿಯೇ ಇರಲಿಲ್ಲ. ಯಾಕೆ ಹಾಗಂದೆನೋ. ಸ್ವಲ್ಪ ತಲೆನೋವಿತ್ತು ಇವತ್ತು.

ಜೂನ್ 27, ಶುಕ್ರವಾರ

ಕೆಲಸ ಜಾಸ್ತಿ. ಫೋನ್ ಆಗಲಿಲ್ಲ. ಹುಡುಗಿ ಅಂಗಡಿಗೆ ಬಂದು ಗಿರಾಕಿಗಳ ಹೆಸರು ಬರೆದುಕೊಟ್ಟಳು. ಸಂಜೆ ಇಬ್ಬರೂ ಬ್ರೆಡ್ಡು, ಮೊಟ್ಟೆ ತೆಗೆದುಕೊಂಡು ನಡೆದು ಬಂದೆವು. ಫುಟ್‌ಪಾತು ಕಿರಿದು, ಆದರೂ ಪಕ್ಕಪಕ್ಕದಲ್ಲೇ ನಡೆದೆವು, ಎದುರು ಬಂದವರೇ ಇಳಿದು ಹೋದರು. ಅವಳಿಗೂ ಫೋನಿನ ನೆನಪು ಬಂದಂತಿರಲಿಲ್ಲ.

ಜೂನ್ 29, ಭಾನುವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಹುಡುಗಿ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಇವತ್ತು ಮಾಡಿಬಿಡೋಣ ಎಂದಳು. ಇವರು ಕೆಲಸಕ್ಕೆ ಹೋಗಿದ್ದರು. ಬೇಡ ಅನ್ನಲು ನನಗೇನು ಕಾರಣವಿತ್ತು? ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ.

ಮೊದಲು ಯಂತ್ರದ ದನಿ ಬಂತು. ನಾನು ಪರದೆ ನೋಡಿ ಅಂಕಿಗಳನ್ನು ಓದಿದೆ, ಅವಳು ಫೋನಿನ ಮೇಲೆ ಒತ್ತಿದಳು. ಉದ್ದದ ಸಾಲು, ಗುಂಪು ಗುಂಪಾಗಿ. ಪೂರ್ತಿ ಮುಗಿಸಿದ ಮೇಲೆ ಆ ದನಿ, ಇದನ್ನು ಖಚಿತಪಡಿಸಲು ಆಗುತ್ತಿಲ್ಲ, ನಮ್ಮ ಸಿಬ್ಬಂದಿಗೆ ಕೊಡುತ್ತೇವೆ ಎಂದಿತು. ಸಂಗೀತ ಬಾರಿಸಿದರು. ಚಹಾ ಆರಿ ತಣ್ಣಗಾಯಿತು. ಆಮೇಲೆ ಒಬ್ಬ ಹೆಂಗಸು ಮಾತಾಡಿದರು, ಬೆಳಗಿನಿಂದ ಮಾತಾಡಿ ಗಂಟಲು ಒಣಗಿದ ದನಿ, ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಒಳ್ಳೆಯವರೇ. ಎಷ್ಟು ಕಂಪ್ಯೂಟರಿಗೆ ಈ ಕೀ ಹಾಕಿದ್ದೀರಿ ಎಂದು ಕೇಳಿದರು. ಇದೊಂದಕ್ಕೇ ಎಂದು ಹುಡುಗಿ ಹೇಳಿದಳು. ಲ್ಯಾಪ್‌ಟಾಪ್ ಯಾರದು ಎಂದರು.

"ನಮ್ಮಮ್ಮಂದು" ಅಂದಳು.

"ಹಾಗಾದ್ರೆ ಅಮ್ಮನಿಗೆ ಒಂದು ನಿಮಿಷ ಫೋನ್ ಕೊಡು ಮಗು. ಅವರ ಬಾಯಿಂದಾನೇ ಕೇಳಬೇಕು."

ಹುಡುಗಿಯ ಕೈಯ ಫೋನ್ ಕಿವಿಯಿಂದ ಕೆಳಗಿಳಿಯಿತು. ಅದನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಫೋನನ್ನು ನನ್ನ ಕೈಗೆ ಕೊಟ್ಟಳು.

ಹೌದು, ನನ್ನದೇ ಎಂದರೆ ಮುಗಿಯುತ್ತಿತ್ತು. ಅವಳೂ ಅದನ್ನೇ ಅಂದುಕೊಂಡಿದ್ದಳು, ಕೊಟ್ಟದ್ದೇ ಅದಕ್ಕೆ. ಅದರ ಜೊತೆಗೇ ಇನ್ನೊಂದೂ ಹೊಳೆಯಿತು, ಮುಚ್ಚಿಡುವುದೇಕೆ: ಏನಾದರೂ ಅಡ್ಡಾದಿಡ್ಡಿ ಹೇಳಿದರೆ ಇದು ಚಾಲೂ ಆಗುವುದಿಲ್ಲ, ಇವಳು ಹೋಗುವುದೂ ಇಲ್ಲ. ಆ ಆಸೆಗೆ ಒಂದು ಗಳಿಗೆ ಮನಸ್ಸು ನಿಂತೇಬಿಟ್ಟಿತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ನಂದಲ್ಲಮ್ಮ. ಇವಳ ಅಮ್ಮಂದು. ಅವರು ತೀರಿಕೊಂಡಿದ್ದಾರೆ. ಈಗ ಇದು ಇವಳದು. ಸಿಸ್ಟಮ್ ಕೆಟ್ಟಿತ್ತು, ಅದೇ ಲ್ಯಾಪ್‌ಟಾಪಿಗೆ ಅದೇ ಕೀ ಹಾಕ್ತಿದೀವಿ. ನಾನು ಪಕ್ಕದಲ್ಲಿ ಕೂತಿದೀನಿ ಅಷ್ಟೇ."

ಆ ಕಡೆ ಟಕಟಕ ಏನೋ ಒತ್ತುವ ಸದ್ದು. ಕೆಡಿಸಿದೆನೇನೋ ಅಂದುಕೊಂಡೆ. ಆಮೇಲೆ ಆಕೆ, "ಪಕ್ಕದಲ್ಲೇ ಇರಿ. ನಾನು ನಿಧಾನಕ್ಕೆ ಹೇಳ್ತೀನಿ. ಅವಳೇ ಒತ್ತಲಿ" ಅಂದರು.

ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡಿದೆ. ಆಕೆ ಹೇಳಿದರು, ನಾನು ತಿರುಗಿ ಹೇಳಿದೆ, ಹುಡುಗಿ ಒತ್ತಿದಳು. ಎಲ್ಲೂ ತಪ್ಪಲಿಲ್ಲ. ಕೊನೆಗೆ ಪರದೆಯ ಮೇಲೆ ಚಾಲೂ ಆಯಿತು ಎಂದು ಬರೆದು ಬಂತು. ಆಕೆಗೆ ಥ್ಯಾಂಕ್ಸ್ ಹೇಳಿದೆವು. ಚೆನ್ನಾಗಿ ಓದಮ್ಮ ಎಂದು ಹುಡುಗಿಗೆ ಹೇಳಿ ಇಟ್ಟರು.

ಹುಡುಗಿ ಎಲ್ಲ ಮುಚ್ಚಿ ಆ ಮಬ್ಬು ಚಿತ್ರ ಹಾಕಿದಳು. ನೋಡುತ್ತಾ ನೋಡುತ್ತಾ ಅಳತೊಡಗಿದಳು. ನನ್ನೆದುರು ಅತ್ತದ್ದು ಇದೇ ಮೊದಲು. ಅಳುವ ಮಕ್ಕಳನ್ನು ಏನು ಮಾಡಬೇಕೆಂದು ನನಗೆಲ್ಲಿ ಗೊತ್ತು? ಬೆನ್ನ ಮೇಲೆ ಕೈಯಿಟ್ಟೆ. ಆಮೇಲೆ ಅವಳು ಹಾಗೇ ವಾಲಿ ತಲೆಯನ್ನು ನನ್ನ ಭುಜಕ್ಕಿಟ್ಟಳು. ನನ್ನ ಕನ್ನಡಕ ಒಂದು ಕಡೆಗೆ ಸೊಟ್ಟಗಾಯಿತು, ಸರಿಮಾಡಿಕೊಳ್ಳಲು ಹೋಗಲಿಲ್ಲ. ಇಬ್ಬರೂ ಹಾಗೇ ಕೂತಿದ್ದೆವು. ಗಂಟೆ ಕಳೆಯಿತು. ಚಿತ್ರ ಅಲ್ಲೇ ಇತ್ತು.

ಜುಲೈ 2, ಬುಧವಾರ

ಟಿಕೆಟ್ ಬಂತು. ಶನಿವಾರಕ್ಕೆ.

ಅವಳ ಸ್ವೆಟರಿನ ಗುಂಡಿ ಹೊಲಿದೆ. ದಾರ ನಾನೇ ಪೋಣಿಸಿದೆ.

ಜುಲೈ 4, ಶುಕ್ರವಾರ

ಏನು ಬರೆಯಲಿ. ಮನೆಯೆಲ್ಲ ಚೀಲ.

ಜುಲೈ 5, ಶನಿವಾರ

ಹೋದಳು.

ಬೆಳಿಗ್ಗೆಯಿಂದ ನಾನು ಸುಮ್ಮಸುಮ್ಮನೆ ರೇಗುತ್ತಿದ್ದೆ. ಇವರು ಚೀಲ ತಪ್ಪಾಗಿ ಕಟ್ಟಿದರು, ಅದಕ್ಕೆ ರೇಗಿದೆ. ಸರಿಯಾಗಿ ಕಟ್ಟಿದರು, ಅದಕ್ಕೂ ರೇಗಿದೆ. ಇವರು ಚೀಲಗಳನ್ನು ಹೊತ್ತು ಗಾಡಿಗಿಡಲು ಕೆಳಗಿಳಿದರು. ಲ್ಯಾಪ್‌ಟಾಪ್ ಇನ್ನೂ ಅವಳ ಮೇಜಿನ ಮೇಲೇ ಇತ್ತು. ಮರೆತುಬಿಟ್ಟಾಳು ಎಂದು ಅದರ ಚೀಲ ಹುಡುಕಿ ತಂದೆ.

ಹುಡುಗಿ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಮಂಚದ ಮೇಲೆ ಇಟ್ಟಳು.

"ಅದು ಇಲ್ಲೇ ಇರಲಿ" ಅಂದಳು. ದೊಡ್ಡಮ್ಮನ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಯಾವುದನ್ನೂ ಉಳಿಸುವುದಿಲ್ಲ, ಕಾಲೇಜಿನ ಕೆಲಸಕ್ಕೆ ಅಲ್ಲಿಯೇ ಕಂಪ್ಯೂಟರ್ ಇವೆ ಎಂದು ಏನೇನೋ ಹೇಳಿದಳು. ನಾನು ಹೂಂ, ಹೂಂ ಎಂದೆ. ಎರಡು ವಾರಕ್ಕೊಮ್ಮೆ ಬರುತ್ತಾಳಂತೆ. ಮಧ್ಯೆ ಆಗಾಗ ಆನ್ ಮಾಡಿ ಸ್ವಲ್ಪ ಹೊತ್ತು ಇಡಬೇಕಂತೆ, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತದಂತೆ.

"ನೀವು ಮಾಡ್ತೀರಾ?"

ಮಾಡುತ್ತೇನೆ, ಆದರೆ ಪಾಸ್‌ವರ್ಡ್ ಇದೆಯಲ್ಲ ಎಂದೆ. ಕೆಳಗೆ ಇವರು ಹಾರ್ನ್ ಬಾರಿಸುತ್ತಿದ್ದರು. ಹುಡುಗಿ ಬಾಗಿಲ ಕಡೆ ನೋಡಿ, ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ಅವಳ ಅಮ್ಮ ಇಟ್ಟದ್ದಂತೆ. ಅಮ್ಮ ಮತ್ತು ಅವಳು, ಇಬ್ಬರಿಗೇ ಗೊತ್ತಿದ್ದದ್ದು.

"ಯಾರಿಗೂ ಹೇಳಬೇಡಿ. ಅಪ್ಪಂಗೂ ಗೊತ್ತಿಲ್ಲ" ಅಂದಳು. ಓಡಿ ಇಳಿದು ಹೋದಳು.

ಇವರು ಅವಳನ್ನು ಬಸ್ಸಿಗೆ ಹತ್ತಿಸಿ ಬಂದು, ಅವಳು ಹೊರಡುವಾಗ ಏನು ಹೇಳಿದಳು ಎಂದು ಎರಡು ಸಲ ಕೇಳಿದರು. ಬ್ಯಾಟರಿ ವಿಷಯ ಎಂದೆ. ಈ ಪುಸ್ತಕದಲ್ಲಿ ಇಷ್ಟು ದಿನ ನಾಚಿಕೆ ಮಾನ ಏನೂ ಇಟ್ಟುಕೊಳ್ಳದೆ ಎಲ್ಲ ಬರೆದಿದ್ದೇನೆ. ಅದೊಂದನ್ನು ಇಲ್ಲಿಯೂ ಬರೆಯುವುದಿಲ್ಲ.